ಬೋನು ಗಟ್ಟಿಯಾದಷ್ಟೂ ಆಟ ಸಪ್ಪೆ

ನಿನ್ನೆ ರಾತ್ರಿ ಮಗಳು ಮಲಗಿದ ಮೇಲೆ ಹಳೇ ಲ್ಯಾಪ್‌ಟಾಪ್ ತೆಗೆದು ಮತ್ತೆ 'ಓರ್ಕ್ಸ್ ಮಸ್ಟ್ ಡೈ' ಆಡಿದೆ. ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಒಂದೇ ಒಂದು ಲೆವೆಲ್ ಅಂತ ಕೂತವನು ಎದ್ದಾಗ ಎರಡೂವರೆ. ಬೆಳಿಗ್ಗೆ ಆಫೀಸಲ್ಲಿ ಕಣ್ಣು ಕೆಂಪಗಿದ್ದದ್ದಕ್ಕೆ ಧೂಳಿನ ಅಲರ್ಜಿ ಅಂತ ಹೇಳಿದ್ದೂ ಆಯ್ತು. ಈ ಆಟದ ಬಗ್ಗೆ ನನಗಿರುವ ಪ್ರೀತಿ, ಸಿಟ್ಟು ಎರಡನ್ನೂ ಒಂದೇ ಸಲ ಬರೆದು ಹಗುರಾಗೋಣ ಅಂತ ಈ ಪೋಸ್ಟ್. ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ಗೊತ್ತಿಲ್ಲದವರಿಗೆ ನಾಲ್ಕು ಮಾತು. 2011ರ ಅಕ್ಟೋಬರ್‌ನಲ್ಲಿ ಬಂದ ಆಟ ಇದು. ಒಂದು ಕೋಟೆ, ಅದರೊಳಗೆ ಹೊಳೆಯುವ ಒಂದು ಬಾಗಿಲು, ಅದಕ್ಕೆ ರಿಫ್ಟ್ ಅಂತ ಹೆಸರು. ಓರ್ಕ್ ಎಂಬ ಹಸಿರು ಮೈಯ ದಡ್ಡ ರಕ್ಕಸರು ಅಲೆ ಅಲೆಯಾಗಿ ಬಂದು ಆ ಬಾಗಿಲಿಗೆ ನುಗ್ಗಲು ನೋಡುತ್ತಾರೆ. ನುಗ್ಗಿದಷ್ಟೂ ನಿಮ್ಮ ಅಂಕ ಇಳಿಯುತ್ತದೆ, ಸೊನ್ನೆಗೆ ಬಂದರೆ ಸೋಲು. ತಡೆಯಲು ಇರುವವನು ನೀವೊಬ್ಬನೇ, ವಾರ್ ಮೇಜ್, ಅಂದರೆ ಯುದ್ಧ ಮಾಡುವ ಮಂತ್ರವಾದಿ. ಇವನ ಗುರು ಕಥೆಯ ಶುರುವಿನಲ್ಲೇ ಜಾರಿ ಬಿದ್ದು ತಲೆ ಒಡೆದುಕೊಂಡು ಸಾಯುತ್ತಾನೆ. ಸಾಯುವ ಮುಂಚೆ, ನನ್ನ ಶಿಷ್ಯರಲ್ಲೆಲ್ಲ ಕೈಲಾಗದವನು ಇವನೇ ಅನ್ನುವ ಕೊರಗು ಬೇರೆ. ನೆಲಕ್ಕೆ, ಗೋಡೆಗೆ, ಸೂರಿಗೆ ಬೋನುಗಳನ್ನು ಹೂಡಬೇಕು. ಮಿಕ್ಕವರನ್ನು ಬಿಲ್ಲಿನಿಂದಲೋ ಮಂತ್ರದಿಂದಲೋ ಮುಗಿಸಬೇಕು. ಕಥೆ ಇಷ್ಟೇ. ಇದಕ್ಕಿಂತ ಹೆಚ್ಚು ಕಥೆ ಬೇಕು ಅನ್ನುವವರಿಗೆ ಇದು ಹೇಳಿ ಮಾಡಿಸಿದ ಆಟ ಅಲ್ಲ.

ಮಾಡಿದವರು ಅಮೆರಿಕದ ಟೆಕ್ಸಸ್‌ನ ರೋಬಾಟ್ ಎಂಟರ್‌ಟೈನ್‌ಮೆಂಟ್. ಮೇಲಿನಿಂದ ನೋಡುತ್ತ ಸೈನ್ಯ ನಡೆಸುವ 'ಏಜ್ ಆಫ್ ಎಂಪೈರ್ಸ್' ಆಟ ಮಾಡಿದ ಎನ್‌ಸೆಂಬಲ್ ಸ್ಟುಡಿಯೋಸ್ 2009ರಲ್ಲಿ ಮುಚ್ಚಿದಾಗ ಅಲ್ಲಿಂದ ಹೊರಬಿದ್ದವರು ಕಟ್ಟಿದ ಕಂಪನಿ. ಇದು ನನಗೆ ಮುಖ್ಯ ಅನ್ನಿಸುವುದು ಯಾಕೆಂದರೆ, ವರ್ಷಗಟ್ಟಲೆ ಆಕಾಶದಿಂದ ಸೈನ್ಯ ನಡೆಸಿದವರು ಇಲ್ಲಿ ಕ್ಯಾಮೆರಾವನ್ನು ಕೆಳಗಿಳಿಸಿ ಒಬ್ಬನೇ ಒಬ್ಬ ಪೆದ್ದನ ಹೆಗಲ ಹಿಂದೆ ಇಟ್ಟರು. ದಾರಿಯುದ್ದಕ್ಕೂ ಕಾವಲು ಹೂಡಿ ಶತ್ರುಗಳನ್ನು ತಡೆಯುವ ಟವರ್ ಡಿಫೆನ್ಸ್ ಆಟಗಳಲ್ಲಿ ಸಾಮಾನ್ಯವಾಗಿ ನೀವು ದೇವರು, ಇಡೀ ದಾರಿ ಅಂಗೈಯಲ್ಲಿರುತ್ತದೆ. ಇಲ್ಲಿ ನೀವು ಕಾರಿಡಾರಿನಲ್ಲಿ ನಿಂತ ಕಾವಲುಗಾರ. ಬಲಗಡೆ ಬಾಗಿಲು ನೋಡುತ್ತಿದ್ದರೆ ಎಡಗಡೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಬೆನ್ನ ಹಿಂದೆ ಯಾರೋ ಓಡಿದ ಸದ್ದು, ಆಮೇಲೆ ರಿಫ್ಟ್‌ನ ಅಂಕ ಇಳಿದದ್ದು. ಆ ಕ್ಷಣಕ್ಕೆ ಎದೆ ಧಸಕ್ ಅನ್ನುತ್ತದಲ್ಲ, ಅದನ್ನು ಮೇಲಿನಿಂದ ನೋಡುವ ಯಾವ ಆಟವೂ ನನಗೆ ಕೊಟ್ಟಿಲ್ಲ.

ಇನ್ನು ಬೋನುಗಳು. ನೆಲದಿಂದ ಚಿಮ್ಮುವ ಮುಳ್ಳು, ಕಾಲು ಕಚ್ಚಿಕೊಳ್ಳುವ ಡಾಂಬರು, ಬಾಣ ಕಾರುವ ಗೋಡೆ, ಸೂರಿನಿಂದ ತೂಗಾಡುವ ಗದೆ. ಬಿಡಿಬಿಡಿಯಾಗಿ ಇವೆಲ್ಲ ಸಾಧಾರಣ. ಒಂದಕ್ಕೊಂದು ಸೇರಿಸಿದಾಗಲೇ ಮಜಾ. ಡಾಂಬರಿನಲ್ಲಿ ಕಾಲು ಎಳೆಯುತ್ತಿರುವವನಿಗೆ ಎರಡೂ ಗೋಡೆಯಿಂದ ಬಾಣ, ತಲೆಯ ಮೇಲೆ ಗದೆ. ಒಬ್ಬನೇ ಓರ್ಕ್‌ಗೆ ಬೇರೆ ಬೇರೆ ಬಗೆಯ ಪೆಟ್ಟು ಬಿದ್ದಷ್ಟೂ ಕಾಂಬೋ ಏರುತ್ತದೆ, ಅಂಕದ ಜೊತೆ ಹಣವೂ ಜಾಸ್ತಿ. ಅಂದರೆ ಜಿಪುಣನಿಗೆ ಇಲ್ಲಿ ಕಲೆಗಾರನಾಗುವುದು ಅನಿವಾರ್ಯ. ನನಗೆ ಎಲ್ಲಕ್ಕಿಂತ ಇಷ್ಟ ಸ್ಪ್ರಿಂಗ್ ಟ್ರ್ಯಾಪ್. ಅದು ಯಾರನ್ನೂ ಗಾಯ ಮಾಡುವುದಕ್ಕಲ್ಲ ಇರುವುದು, ಎತ್ತಿ ಒಗೆಯುವುದಕ್ಕೆ. ಪಕ್ಕದಲ್ಲಿ ಲಾವಾ ಇದ್ದರೆ, ಕವಚ ತೊಟ್ಟ ಗಟ್ಟಿ ಓರ್ಕ್ ಕೂಡ ಗಾಳಿಯಲ್ಲಿ ಕೈಕಾಲು ಬಡಿಯುತ್ತ ಹೋಗಿ ಚೊಯ್ಯ್ ಅನ್ನುತ್ತಾನೆ. ಇಷ್ಟು ವರ್ಷ ಆಯ್ತು, ನಗು ಇನ್ನೂ ಬರುತ್ತೆ. ಈ ಕ್ರೂರತನ ಒಳ್ಳೇದಲ್ಲ ಅಂತ ಹೆಂಡತಿ ಅಂತಾಳೆ. ಆಮೇಲೆ ಪಕ್ಕ ಕೂತು ತಾನೂ ನೋಡ್ತಾಳೆ.

ಈಗ ನನ್ನ ತಕರಾರು. ತಕರಾರು ಅಂದರೆ ಆಟದ ಹೊಟ್ಟೆಯೊಳಗೇ ಇರುವ ಒಂದು ತೊಡಕು.

ಬೋನು ಹೂಡುವುದೇ ಬುದ್ಧಿವಂತಿಕೆ ಅನ್ನುತ್ತದೆ ಆಟ. ಸರಿ, ನಾನು ಬುದ್ಧಿ ಓಡಿಸಿದೆ. ಬ್ಯಾರಿಕೇಡ್ ಹಾಕಿ ಎರಡು ದಾರಿಯನ್ನು ಮುಚ್ಚಿ, ಎಲ್ಲರೂ ಒಂದೇ ಓಣಿಗೆ ಬರುವಂತೆ ಮಾಡಿದೆ. ಥೇಟ್ ಖೆಡ್ಡಾ. ಆ ಓಣಿಯಲ್ಲಿ ನನ್ನ ಹತ್ತಿರವಿರುವ ಅಷ್ಟೂ ಬೋನು. ಅಲೆ ಬಂತು, ಸತ್ತಿತು. ಇನ್ನೊಂದು ಬಂತು, ಅದೂ ಸತ್ತಿತು. ನಾನು? ಬಿಲ್ಲು ಹಿಡಿದು ಮೂಲೆಯಲ್ಲಿ ನಿಂತಿದ್ದೇನೆ, ಮದುವೆ ಮನೆಯಲ್ಲಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ನಿಂತವನ ಹಾಗೆ. ಯೋಜನೆ ಗೆದ್ದರೆ ಆಕ್ಷನ್‌ಗೆ ಕೆಲಸವಿಲ್ಲ. ಯೋಜನೆ ಸೋತಾಗ ಮಾತ್ರ ಬಿಲ್ಲು, ಓಟ, ಬೆವರು. ಎರಡು ಆಟವನ್ನು ಒಂದರಲ್ಲಿ ಕಟ್ಟಿದ್ದಾರೆ, ಆದರೆ ಒಂದು ಚೆನ್ನಾಗಿ ನಡೆದರೆ ಇನ್ನೊಂದು ಮಲಗಿಬಿಡುತ್ತದೆ.

ಈ ಆಟ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅಂತ ನನ್ನ ಅಂದಾಜು. ಯಾಕೆಂದರೆ ನಿಮ್ಮ ಬೋನನ್ನು ಹರಿಯಲೆಂದೇ ಒಬ್ಬೊಬ್ಬರನ್ನು ಕಳಿಸುತ್ತಾರೆ. ಹಾರುವ ಹೆಲ್‌ಬ್ಯಾಟ್‌ಗಳಿಗೆ ನಿಮ್ಮ ನೆಲದ ಮುಳ್ಳಿನ ಹಂಗಿಲ್ಲ. ನಾಲ್ ಎಂಬ ಶತ್ರುಗಳು ರಿಫ್ಟ್ ಕಡೆ ತಿರುಗಿಯೂ ನೋಡುವುದಿಲ್ಲ, ನೇರ ನಿಮ್ಮನ್ನೇ ಹುಡುಕಿಕೊಂಡು ಬರುತ್ತವೆ. ಇಲಿಮರಿಗಳ ಹಾಗಿರುವ ಕೋಬಾಲ್ಡ್‌ಗಳು ಮುಳ್ಳು ಚಿಮ್ಮುವಷ್ಟರಲ್ಲಿ ದಾಟಿ ಹೋಗಿರುತ್ತವೆ. ಅಲ್ಲಿಯವರೆಗೆ ಮುಚ್ಚಿದ್ದ ಬಾಗಿಲು ಅರ್ಧ ಆಟದಲ್ಲಿ ದಡಾರನೆ ತೆರೆದುಕೊಳ್ಳುತ್ತದೆ. ಕೈಯಲ್ಲಿ ಕಾಸಿಲ್ಲ, ಇರುವ ಬೋನೆಲ್ಲ ಇನ್ನೊಂದು ಕಡೆ. ಆಗ ವಿಂಡ್ ಬೆಲ್ಟ್‌ನಿಂದ ಗಾಳಿ ಬೀಸಿ ನಾಲ್ವರನ್ನು ಹೊಂಡಕ್ಕೆ ತಳ್ಳಿ, ಓಡಿ ಬಂದು ಒಬ್ಬನ ತಲೆಗೆ ಬಾಣ ಬಿಟ್ಟು, ಉಸಿರು ಬಿಟ್ಟಾಗ ಅನ್ನಿಸುತ್ತದೆ, ಆಟ ಅಂದರೆ ಇದು. 24 ಲೆವೆಲ್‌ಗಳಲ್ಲಿ ಅರ್ಧಕ್ಕಾದರೂ ಈ ಹದ ಇದೆ.

ಮಿಕ್ಕ ಅರ್ಧಕ್ಕೆ ಇಲ್ಲ, ಅದನ್ನೂ ಹೇಳಬೇಕು. ಡಾಂಬರು ಮತ್ತು ಬಾಣದ ಗೋಡೆಯ ಜೋಡಿ ಕೈಗೆ ಕೂತಮೇಲೆ ಬೇರೆ ಬೋನು ಪ್ರಯತ್ನಿಸಲು ಕಾರಣವೇ ಸಿಗುವುದಿಲ್ಲ. ಹೊಸ ಹೊಸ ಆಟಿಕೆ ಕೊಡುತ್ತಾರೆ ನಿಜ, ಆದರೆ ಗೆಲ್ಲುವ ದಾರಿ ಗೊತ್ತಿರುವವನು ಯಾಕೆ ಹೊಸ ದಾರಿ ಹಿಡಿಯುತ್ತಾನೆ? ಲೆವೆಲ್ ಗೆದ್ದಾಗ ಎಷ್ಟು ಚೆನ್ನಾಗಿ ಆಡಿದಿರಿ ಅನ್ನುವುದಕ್ಕೆ ತಲೆಬುರುಡೆಗಳನ್ನು ಕೊಡುತ್ತಾರೆ, ಐದಕ್ಕೆ ಐದೂ ಬೇಕೆಂದರೆ ಒಬ್ಬನೂ ನುಗ್ಗದಂತೆ, ಅದೂ ಬೇಗ ಮುಗಿಸಬೇಕು. ಹಾಗಾಗಿ ಪ್ರಯೋಗಕ್ಕೆ ಹೋದವನಿಗೆ ದಂಡ, ಹಳೇ ಸೂತ್ರಕ್ಕೆ ಅಂಟಿಕೊಂಡವನಿಗೆ ಬಹುಮಾನ. ನಮ್ಮ ಪರೀಕ್ಷೆಗಳ ಹಾಗೆ.

2012ರ ಜುಲೈನಲ್ಲಿ ಎರಡನೆಯದು ಬಂತು. ಮೊದಲ ಆಟದ ಖಳನಾಯಕಿ ಸಾರ್ಸರೆಸ್ ಎಂಬ ಮಾಟಗಾತಿ ಇಲ್ಲಿ ಜೊತೆಗಾತಿ, ಇಬ್ಬರು ಕೂಡಿ ಆಡಬಹುದು. ಬಹಳ ಜನ ಇದನ್ನೇ ಸರಣಿಯ ಮುಕುಟ ಅನ್ನುತ್ತಾರೆ. ನಾನು ಅರ್ಧ ಒಪ್ಪುತ್ತೇನೆ. ಇಬ್ಬರಿದ್ದಾಗ ಬೋನು ತಾನಾಗಿಯೇ ಹರಿಯುತ್ತದೆ, ಅದಕ್ಕೆ ಶತ್ರುಗಳೇ ಬೇಕಿಲ್ಲ. ಆಗ ನಾನು, ನನ್ನ ಚಿಕ್ಕಪ್ಪನ ಮಗ ಬೇರೆ ಬೇರೆ ಊರಿನಲ್ಲಿದ್ದು ಫೋನ್ ಕಿವಿಗೆ ಹಚ್ಚಿಕೊಂಡು ಆಡುತ್ತಿದ್ದೆವು. ನಾನು ಎಡ ಬಾಗಿಲು ಮುಚ್ಚೋಣ ಅಂದರೆ ಅವನು ಬಲ. ಅವನು ನನಗೆ ಹೇಳದೆ ಬ್ಯಾರಿಕೇಡ್ ಕಿತ್ತು ಮಾರಿ ಆ ದುಡ್ಡಿಗೆ ಬಾಣದ ಗೋಡೆ ತಂದಿಟ್ಟು, ಇಡೀ ದಂಡು ನನ್ನ ಮೈಮೇಲೆ ಬಂದ ದಿನ ಎರಡು ವಾರ ಮಾತು ಬಿಟ್ಟಿದ್ದೆವು. ಅದು ಈ ಆಟದಲ್ಲಿ ನಾನು ಆಡಿದ ಅತ್ಯುತ್ತಮ ಸುತ್ತು ಅನ್ನುವುದನ್ನು ಅವನಿಗೆ ಇವತ್ತಿಗೂ ಹೇಳಿಲ್ಲ. (ಓದ್ತಿದ್ದರೆ, ಈಗ ಗೊತ್ತಾಯ್ತಲ್ಲ.) ಒಂದೇ ಕೊರತೆ, ಒಂದೇ ಪರದೆಯ ಮುಂದೆ ಇಬ್ಬರು ಕೂತು ಆಡುವ ಹಾಗಿಲ್ಲ. ಒಂದೇ ಮನೆಯಲ್ಲಿದ್ದರೂ ಎರಡು ಕಂಪ್ಯೂಟರ್ ಬೇಕು.

ಒಪ್ಪದ ಅರ್ಧ ಯಾವುದೆಂದರೆ ತಲೆಬುರುಡೆಯ ಅಂಗಡಿ. ಗೆದ್ದ ತಲೆಬುರುಡೆಗಳನ್ನು ಖರ್ಚು ಮಾಡಿ ಬೋನುಗಳನ್ನು ಶಾಶ್ವತವಾಗಿ ಬಲಪಡಿಸಬಹುದು. ಬೇಡವೆನಿಸಿದರೆ ಕೊಟ್ಟದ್ದನ್ನು ವಾಪಸ್ ಪಡೆದು ಬೇರೆಯದಕ್ಕೆ ಹಾಕಬಹುದು, ಆ ಮಟ್ಟಿಗೆ ಉದಾರಿಗಳು. ಆದರೆ ಮೊದಲ ಆಟದಲ್ಲಿ ಸೋತರೆ ನಾನು ಜಾಗ ತಪ್ಪು ಹಿಡಿದಿದ್ದೆ ಅಂತ ಅರ್ಥ. ಇಲ್ಲಿ ಸೋತರೆ, ಇನ್ನಷ್ಟು ಬುರುಡೆ ಕೂಡಿಸಿಕೊಂಡು ಬಾ ಅಂತ ಅರ್ಥ. ಮೊದಲನೆಯದರಲ್ಲಿ ವೀವರ್ ಎಂಬ ಮಂತ್ರಗಾತಿಯರು ಇದ್ದರು. ಕೋಟೆಯೊಳಗೆ ಗಳಿಸಿದ ಕಾಸನ್ನೇ ಅವರಿಗೆ ಕೊಟ್ಟು ಆ ಲೆವೆಲ್‌ಗೆ ಮಾತ್ರ ಬಲ ಪಡೆಯಬೇಕಿತ್ತು. ಬೋನು ಕೊಳ್ಳಲೋ, ವೀವರ್‌ಗೆ ಕೊಡಲೋ ಎಂಬ ಆ ತಿಂಗಳ ಕೊನೆಯ ಸಂಕಟ ನನಗೆ ಬಹಳ ಹಿಡಿಸಿತ್ತು. ಎರಡನೆಯದರಲ್ಲಿ ಅವರನ್ನು ತೆಗೆದೇಬಿಟ್ಟರು.

ಆಮೇಲಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. 'ಅನ್‌ಚೈನ್ಡ್' ಪುಕ್ಕಟೆ ಆಟವಾಗಿ ಬಂತು. ಶುರುವಿನಲ್ಲಿ ತಂಡಕ್ಕೆ ತಂಡ ಎದುರಾಗುವ ಯುದ್ಧ ಇಟ್ಟಿದ್ದರು, ಆಮೇಲೆ ಅದನ್ನು ಕೈಬಿಟ್ಟರು. 2019ರ ಏಪ್ರಿಲ್‌ನಲ್ಲಿ ಸರ್ವರ್ ಬಂದ್. ಆನ್‌ಲೈನ್ ಇದ್ದರೆ ಮಾತ್ರ ಓಡುವ ಆಟವಾದ್ದರಿಂದ ಅದೀಗ ಯಾರ ಹತ್ತಿರವೂ ಇಲ್ಲ. 2011ರದ್ದು ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಈಗಲೂ ಓಡುತ್ತದೆ. ಮೂರನೆಯದು 2020ರಲ್ಲಿ ಮೊದಲು ಗೂಗಲ್‌ನ ಸ್ಟೇಡಿಯಾ ಎಂಬ ಆನ್‌ಲೈನ್ ಆಟದ ಸೇವೆಯಲ್ಲಿ ಮಾತ್ರ ಬಂತು. ಉಳಿದವರಿಗೆ ಸಿಗುವ ಹೊತ್ತಿಗೆ ಮರುವರ್ಷದ ಜುಲೈ. ಅದರ ವಾರ್ ಸಿನಾರಿಯೋಗಳಲ್ಲಿ ಓರ್ಕ್‌ಗಳು ಜಾತ್ರೆಯ ಜನದಂತೆ ಬರುತ್ತಾರೆ. ಮೊದಲ ಸಲ ಕಣ್ಣು ತುಂಬಿತು. ಮೂರನೇ ಸಲಕ್ಕೆ, ಇದು ಅದೇ ಓಣಿ, ಬರೀ ಅಗಲ ಮಾಡಿದ್ದಾರೆ ಅನ್ನಿಸಿತು. ಜನ ಹೆಚ್ಚಾದ ಮಾತ್ರಕ್ಕೆ ಬೋನು ಹರಿಯುವುದಿಲ್ಲ. ಹರಿಯುವುದು ಜಾಣ ಶತ್ರುವೊಬ್ಬ ಬಂದಾಗ.

2025ರ ಜನವರಿಯ 'ಡೆತ್‌ಟ್ರ್ಯಾಪ್' ಮಾತ್ರ ಈ ತೊಡಕಿನ ಮೇಲೆ ನಿಜವಾಗಿ ಕೈ ಹಾಕಿದೆ. ನಾಲ್ವರವರೆಗೆ ಆಡಬಹುದು. ಒಂದು ಸುತ್ತಿನಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಬಲ ಸಿಗುತ್ತದೋ ಮುಂಚೆ ಗೊತ್ತಿರುವುದಿಲ್ಲ, ಸೋತರೆ ಕೋಟೆಗೆ ವಾಪಸ್ ಬಂದು ಮೊದಲಿನಿಂದ. ಹಳೇ ಸೂತ್ರ ಕೈಯಲ್ಲಿಟ್ಟುಕೊಂಡು ಕೂರುವ ಹಾಗಿಲ್ಲ. ಐಡಿಯಾ ಸರಿ. ಆದರೆ ಒಬ್ಬನೇ ಆಡುವವನಿಗೆ ಆ ಅಂಗಳಗಳು ತುಂಬಾ ದೊಡ್ಡವು. ನನ್ನ ವಯಸ್ಸಿನ ಮೂವರು ಗೆಳೆಯರನ್ನು ರಾತ್ರಿ ಹನ್ನೊಂದಕ್ಕೆ ಒಟ್ಟು ಕೂಡಿಸುವುದು ಯಾವ ಓರ್ಕ್ ದಂಡನ್ನು ತಡೆಯುವುದಕ್ಕಿಂತಲೂ ಕಷ್ಟ. ಬಲ ಕೂಡಿಸಿಕೊಳ್ಳಲು ಅದದೇ ಜಾಗ ಮತ್ತೆ ಮತ್ತೆ ಆಡುವಾಗ ಆಫೀಸಿನ ನೆನಪೂ ಆಗುತ್ತದೆ.

ಹಾಗಾಗಿ ತಿರುಗಿ ತಿರುಗಿ ಮೊದಲನೆಯದಕ್ಕೇ ಬರುತ್ತೇನೆ. ನಿನ್ನೆ ಕೊನೆಯ ಅಲೆ. ರಿಫ್ಟ್‌ನಲ್ಲಿ ಉಳಿದ ಅಂಕ ಬೆರಳೆಣಿಕೆಯಷ್ಟು. ಎಡಬಾಗಿಲಿನಿಂದ ಓಗರ್ ಎಂಬ ಒಬ್ಬ ದೈತ್ಯ, ಗೋಡೆಯಂಥ ಮೈ, ಪ್ರಾಣ ಮಾತ್ರ ದಾರದಷ್ಟು ಉಳಿದಿದೆ, ಮುಳ್ಳು ತುಳಿಯುತ್ತಲೇ ಬರುತ್ತಿದ್ದಾನೆ. ನಾನು ಬಲಬಾಗಿಲಿನ ಹತ್ತಿರ ನಾಲ್‌ಗಳ ಜೊತೆ ಒದ್ದಾಡುತ್ತಿದ್ದೆ. ಎಲ್ಲ ಬಿಟ್ಟು ಓಡಿದೆ. ಮೆಟ್ಟಿಲ ಮೇಲಿಂದ ಬಿಟ್ಟ ಬಾಣ ತಗುಲಿತೋ ಇಲ್ಲವೋ ನೋಡುವಷ್ಟರಲ್ಲಿ ಅವನು ರಿಫ್ಟ್‌ನೊಳಗೆ ಕಾಲಿಟ್ಟಾಗಿತ್ತು. ಸೋತೆ. ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ ಅನ್ನುವುದು ಆಮೇಲೆ ಗೊತ್ತಾಯಿತು.

ಆ ಎಡಬಾಗಿಲಿಗೆ ಎರಡು ಬಾಣದ ಗೋಡೆ ಹಾಕಿದರೆ ಇವತ್ತು ರಾತ್ರಿ ಆರಾಮಾಗಿ ಗೆಲ್ಲುತ್ತೇನೆ. ಹಾಕಬಾರದು ಅಂದುಕೊಂಡಿದ್ದೇನೆ.