ಕೆಂಪು ದೀಪ ಮಿನುಗ್ತಿದ್ರೆ ದಯವಿಟ್ಟು ರೂಟರ್ ಮುಟ್ಟಬೇಡಿ

ಮಳೆ ಹಿಡಿದಾಗಿಂದ ಇದೇ ನಡೀತಿದೆ. ಫೈಬರ್ ನೆಟ್ ಹೋಯ್ತು ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಮೊದಲ ಮಾತು "ರೂಟರ್ ಆಫ್ ಮಾಡಿ ಆನ್ ಮಾಡಿ". ಅದಕ್ಕೂ ಬರಲಿಲ್ಲ ಅಂದ್ರೆ "ಹಿಂದೆ ಸಣ್ಣ ತೂತಿದೆ, ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ". ಇವತ್ತು ಸಂಜೆನೂ ಅಷ್ಟೇ. ರಸ್ತೆ ಬದಿ ಕೊಂಬೆ ಬಿದ್ದು ಕೇಬಲ್ ತುಂಡಾಗಿ ನೇತಾಡ್ತಿದೆ, ಇತ್ತ ಮನೆಯವರ ಕೈಯಲ್ಲಿ ಪಿನ್ ಒತ್ತಿಸಿದ್ದಾರೆ. ಲೈನ್ ಜೋಡಿಸಿದ ಮೇಲೆ ಬೀದಿಗೆಲ್ಲ ನೆಟ್ ಬಂತು, ಆ ಮನೆಗೆ ಮಾತ್ರ ಬರಲಿಲ್ಲ. ತುಂಬಾ ಸಿಟ್ಟು ಬಂದಿದೆ, ಅದಕ್ಕೇ ಉದ್ದ ಬರೀತಿದ್ದೀನಿ.

ರೀಸೆಟ್ ಒತ್ತಿದ್ರೆ ಏನು ಹೋಗುತ್ತೆ ಅಂತ ಯಾರೂ ಹೇಳಲ್ಲ. ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಹೋಗೋದು ದೊಡ್ಡ ವಿಷಯ ಅಲ್ಲ. ಕನೆಕ್ಷನ್ ಕೊಟ್ಟವರು ಒಳಗೆ ಹಾಕಿಟ್ಟಿದ್ದ, ನೆಟ್‌ಗೆ ಲಾಗಿನ್ ಆಗೋ ಪಿಪಿಪಿಒಇ ಯೂಸರ್‌ನೇಮ್, ಅದರ ಪಾಸ್‌ವರ್ಡ್, ವಿಲ್ಯಾನ್ ನಂಬರ್ (ಕಂಪನಿಯ ಲೈನಿನೊಳಗೆ ನಿಮ್ಮ ನೆಟ್‌ನ ದಾರಿ ಗುರುತಿಸೋ ಅಂಕಿ) ಎಲ್ಲ ಅಳಿಸಿ ಹೋಗುತ್ತೆ. ಕೆಲವು ಕಂಪನಿಗಳಲ್ಲಿ ಈ ಸೆಟ್ಟಿಂಗ್ ಎಕ್ಸ್‌ಚೇಂಜ್‌ನಿಂದ ತಾನಾಗೇ ವಾಪಸ್ ಬರುತ್ತೆ. ಊರಿನ ಆಪರೇಟರ್ ಕೊಟ್ಟ ಕನೆಕ್ಷನ್ ಆದ್ರೆ ಹೆಚ್ಚಾಗಿ ಬರಲ್ಲ, ಹುಡುಗರು ಮನೆಗೇ ಬಂದು ಮತ್ತೆ ಹಾಕಬೇಕು. ಕೊಂಬೆ ಬಿದ್ದ ದಿನ ಆ ಹುಡುಗರು ಎಷ್ಟು ಕಂಬ ಹತ್ತಬೇಕು, ಯಾವಾಗ ನಿಮ್ಮ ಮನೆ ತಲುಪಬೇಕು?

ಮಾಡಬೇಕಾದ್ದು ಇಷ್ಟೇ. ರೂಟರ್ ಪೆಟ್ಟಿಗೆ ಮುಂದೆ ಹೋಗಿ ದೀಪ ನೋಡಿ.

ಎಲ್‌ಒಎಸ್ (LOS) ಅಂತ ಬರೆದ ಕಡೆ ಕೆಂಪು ಮಿನುಗ್ತಿದ್ರೆ ನಿಮ್ಮ ಮನೆಗೆ ಬೆಳಕೇ ಬರ್ತಿಲ್ಲ ಅಂತ ಅರ್ಥ. ಫೈಬರ್ ಒಳಗೆ ಹೋಗೋದು ಬೆಳಕು. ಎಲ್ಲೋ ತಂತಿ ಕಡಿದಿದೆ, ಮಡಚಿದೆ, ಇಲ್ಲ ಆ ಕಡೆ ಎಕ್ಸ್‌ಚೇಂಜೇ ಸತ್ತಿದೆ. ನೀವು ನೂರು ಸಲ ಆಫ್ ಆನ್ ಮಾಡಿದ್ರೂ ಕಡಿದ ಗಾಜಿನ ಎಳೆ ಕೂಡಲ್ಲ. ಕೆಂಪು ಇಲ್ಲ, ಆದ್ರೆ ಪಾನ್ (PON, ಎಕ್ಸ್‌ಚೇಂಜ್ ಜೊತೆಗಿನ ಸಂಪರ್ಕ ತೋರಿಸೋದು) ದೀಪ ಹಸಿರಲ್ಲಿ ಮಿನುಗ್ತಾನೇ ಇದೆ ಅಂದ್ರೆ ಬೆಳಕು ಬರ್ತಿದೆ, ಆದ್ರೆ ಎಕ್ಸ್‌ಚೇಂಜ್ ನಿಮ್ಮ ಪೆಟ್ಟಿಗೆಯನ್ನ ಒಪ್ಪಿಕೊಂಡಿಲ್ಲ. ಬೆಳಕು ಕಮ್ಮಿ ಇದ್ರೂ ಹೀಗಾಗುತ್ತೆ. ಪಾನ್ ಸ್ಥಿರವಾಗಿ ಹಸಿರಿದ್ದು ಇಂಟರ್ನೆಟ್ ದೀಪ ಮಾತ್ರ ಕೆಂಪಾಗಿದ್ರೆ ಅಥವಾ ಆರಿದ್ರೆ, ತಂತಿ ಸರಿಯಿದೆ, ಲಾಗಿನ್ ಆಗ್ತಿಲ್ಲ. ರೀಚಾರ್ಜ್ ಮುಗಿದಿರಬಹುದು, ಹಳೇ ಸೆಷನ್ ಸಿಕ್ಕಿಹಾಕಿಕೊಂಡಿರಬಹುದು. ಇಲ್ಲಿ ಆಫ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು ಆನ್ ಮಾಡಿದ್ರೆ ಪ್ರಯೋಜನ ಇದೆ. ದೀಪ ಎಲ್ಲ ಸರಿಯಿದ್ದೂ ಯಾವ ಸೈಟೂ ತೆರೀತಿಲ್ಲ ಅಂದ್ರೆ ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡೋದು) ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿ ನೋಡಿ.

"ಆಫ್ ಆನ್ ಮಾಡಿದ್ರೆ ಎಷ್ಟೋ ಸಲ ಸರಿಹೋಗುತ್ತಲ್ಲ" ಅಂತ ಕೇಳೋರಿದ್ದಾರೆ. ಹೋಗುತ್ತೆ, ವೈಫೈ ಹೆಪ್ಪುಗಟ್ಟಿದಾಗ. ಆದ್ರೆ ಕೆಂಪು ದೀಪ ಮಿನುಗ್ತಿರುವಾಗ ಇದು ಉತ್ತರ ಅಲ್ಲ. ಮತ್ತೆ, ಆಫ್ ಆನ್ ಬೇರೆ, ರೀಸೆಟ್ ಬೇರೆ. ಇವೆರಡನ್ನೂ ಒಂದೇ ಉಸಿರಲ್ಲಿ ಹೇಳೋ ಕಸ್ಟಮರ್ ಕೇರ್‌ನವರನ್ನ ಮೊದಲು ತರಬೇತಿಗೆ ಕೂರಿಸಬೇಕು.

ಕೆಂಪು ಕಂಡ ಮೇಲೆ ಮನೆಯೊಳಗೆ ನೋಡಬಹುದಾದ್ದು ಒಂದೇ, ಪ್ಯಾಚ್ ಕಾರ್ಡ್. ಪೆಟ್ಟಿಗೆಗೆ ಹೋಗೋ ಆ ತೆಳ್ಳನೆ ಹಳದಿ ಅಥವಾ ಬಿಳಿ ತಂತಿ ಮೇಜಿನ ಕಾಲಡಿ ಸಿಕ್ಕಿದ್ಯಾ, ಚೂಪಾಗಿ ಮಡಚಿದ್ಯಾ, ಹಸಿರು ತುದಿ ಸಡಿಲ ಆಗಿದ್ಯಾ ನೋಡಿ. ಸುತ್ತಿಡೋದಾದ್ರೆ ಕಾಫಿ ಲೋಟದ ಬಾಯಿಗಿಂತ ಚಿಕ್ಕ ಸುತ್ತು ಬೇಡ, ಬಿಗಿ ಮಡಿಕೆಯಲ್ಲಿ ಬೆಳಕು ಸೋರಿ ಹೋಗುತ್ತೆ. ತುದಿ ಬಿಚ್ಚಿದ್ರೆ ಬಾಯಲ್ಲಿ ಊದಬೇಡಿ, ಬಟ್ಟೆಯಲ್ಲಿ ಒರೆಸಬೇಡಿ. ಒಂದು ಧೂಳಿನ ಕಣ ಸಾಕು ಅಲ್ಲಿ. ಕಣ್ಣಿಟ್ಟು ನೋಡೋಕೂ ಹೋಗಬೇಡಿ, ಆ ಬೆಳಕು ಕಣ್ಣಿಗೆ ಕಾಣಲ್ಲ. ಹಸಿರು ತುದಿಯ ಕಾರ್ಡ್ ಜಾಗಕ್ಕೆ ಅಂಗಡಿಯಿಂದ ನೀಲಿ ತುದಿಯದು ತಂದು ತುರುಕೋರೂ ಇದ್ದಾರೆ. ಒಳಗೆ ಕೂರುತ್ತೆ ನಿಜ, ಆದ್ರೆ ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿದು ನೇರ. ಎರಡರ ನಡುವೆ ಗಾಳಿ ಉಳಿದು ಬೆಳಕು ಕಮ್ಮಿಯಾಗುತ್ತೆ.

ಇನ್ನೊಂದು ಕೆಲಸ ನೆಟ್ ಚೆನ್ನಾಗಿರುವಾಗಲೇ ಮಾಡಿಡಿ. ಬ್ರೌಸರ್‌ನಲ್ಲಿ 192.168.1.1 ಹೊಡೆದು ಒಳಗೆ ಹೋದ್ರೆ (ವಿಳಾಸ, ಲಾಗಿನ್ ಪೆಟ್ಟಿಗೆಯ ತಳದ ಚೀಟಿಯಲ್ಲಿರುತ್ತೆ) ಪಾನ್ ಮಾಹಿತಿ ಅನ್ನೋ ಪುಟದಲ್ಲಿ ಆರ್‌ಎಕ್ಸ್ ಪವರ್ (RX, ಅಂದ್ರೆ ನಿಮಗೆ ತಲುಪ್ತಿರೋ ಬೆಳಕು) ಅಂತ ಮೈನಸ್ ಅಂಕಿ ಇರುತ್ತೆ. -15ರಿಂದ -24ರ ಒಳಗಿದ್ರೆ ನೆಮ್ಮದಿ. -27 ಆಸುಪಾಸಿಗೆ ಬಂದ್ರೆ ಅಂಚಿನಲ್ಲಿದೆ. -40 ತೋರಿಸಿದ್ರೆ ಬೆಳಕೇ ಇಲ್ಲ. ಈ ಅಂಕಿಯನ್ನ ಪೆಟ್ಟಿಗೆ ಮೇಲೆ ಬರೆದು ಅಂಟಿಸಿ. ಮೂರು ಅಂಕಿ ಕೆಳಗಿಳಿದ್ರೆ ಅರ್ಧ ಬೆಳಕು ಹೋದ ಹಾಗೆ. ಬೇಸಿಗೆಯಲ್ಲಿ -20 ಇದ್ದದ್ದು ಮಳೆಗಾಲದಲ್ಲಿ -26 ಆಗಿದ್ರೆ ಹೊರಗೆ ಯಾವುದೋ ಜಾಯಿಂಟ್‌ಗೆ ನೀರು ಇಳೀತಿದೆ ಅಂತ ಅನುಮಾನ ಪಡಿ. ಎಳೆ ಬೆಸೆಯೋ ಸ್ಪ್ಲೈಸಿಂಗ್ ಮಷಿನ್ ತರೋದು ಬಿಟ್ಟು ಒತ್ತಿ ಕೂರಿಸೋ ಫಾಸ್ಟ್ ಕನೆಕ್ಟರ್ ಹಾಕಿ ಹೋದ ಕಡೆ ಇದು ಮಾಮೂಲು. ಪೂರ್ತಿ ಹೋಗೋ ಮೊದಲೇ ದೂರು ಕೊಟ್ಟು ಆ ತುದಿ ಬದಲಾಯಿಸಿಕೊಳ್ಳಿ.

ದೂರು ಕೊಡುವಾಗ "ನೆಟ್ ಬರ್ತಿಲ್ಲ" ಅಂತ ಬಿಡಬೇಡಿ. "ಎಲ್‌ಒಎಸ್ ಕೆಂಪು, ಪವರ್ -40, ಪಕ್ಕದ ಮನೆಗೂ ಇಲ್ಲ" ಅನ್ನಿ. ಪಕ್ಕದವರಿಗೂ ಹೋಗಿದ್ರೆ ಮೇನ್ ಲೈನ್ ಅಥವಾ ಬೆಳಕನ್ನ ಮನೆಮನೆಗೆ ಹಂಚೋ ಸ್ಪ್ಲಿಟರ್, ನಿಮಗೊಬ್ಬರಿಗೇ ಆಗಿದ್ರೆ ಕಂಬದಿಂದ ಮನೆಗೆ ಬಂದ ಕಪ್ಪು ಡ್ರಾಪ್ ಕೇಬಲ್. ಅಳಿಲು ಕಡಿದದ್ದೋ, ಅಡಿಕೆ ಸೋಗೆ ಬಿದ್ದದ್ದೋ ಅಲ್ಲೇ ಕಾಣುತ್ತೆ. ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಆ ನಂಬರ್ ಕೊಡಲೇಬೇಕು ಅಂತ ಟೆಲಿಕಾಂ ನಿಯಂತ್ರಕ ಟ್ರಾಯ್ 2012ರಲ್ಲೇ ನಿಯಮ ಮಾಡಿದೆ. ಪರಿಹಾರ ಸಿಗದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗೋಕೂ ಆ ನಂಬರ್ ಬೇಕು.

ಕರೆಂಟ್ ಹೋದಾಗ ನೆಟ್ ಹೋಗೋದು ಬೇರೆ ಕಥೆ. ಇನ್ವರ್ಟರ್ ಇದ್ದೂ ಪೆಟ್ಟಿಗೆ ಆರಿ ಹತ್ತುತ್ತೆ ಅಂದ್ರೆ ಇನ್ವರ್ಟರ್ ಹಿಂದಿನ ಸ್ವಿಚ್ಚನ್ನ ಯುಪಿಎಸ್ ಕಡೆ ಹಾಕಿ, ಆಗ ಬ್ಯಾಟರಿಗೆ ಬೇಗ ಬದಲಾಗುತ್ತೆ. ಇನ್ವರ್ಟರ್ ಇಲ್ಲದವರು 12 ವೋಲ್ಟಿನ ಮಿನಿ ಯುಪಿಎಸ್ ತಗೊಳ್ಳಿ. ಕೊಳ್ಳೋ ಮೊದಲು ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ಓದಿ. 9 ವೋಲ್ಟಿನ ರೂಟರ್‌ಗೆ 12 ಚುಚ್ಚಿದ್ರೆ ಸುಟ್ಟು ಹೋಗಬಹುದು. ನಾಲ್ಕು ಸೆಲ್, ಒಂದೊಂದು 2200 ಎಂಎಎಚ್ ಅಂದ್ರೆ ಸುಮಾರು 32 ವಾಟ್‌ಅವರ್. ಪೆಟ್ಟಿಗೆ 12 ವಾಟ್ ಎಳೆದ್ರೆ, ಸೋರಿಕೆ ಕಳೆದು ಎರಡು ಗಂಟೆ ಲೆಕ್ಕ ಇಟ್ಟುಕೊಳ್ಳಿ. ಆದ್ರೆ ನಿಮ್ಮ ಮನೆಗೆ ಬಂದಿರೋದು ಫೈಬರ್ ಅಲ್ಲ, ಕಂಬದ ಡಬ್ಬಿಯಿಂದ ಲ್ಯಾನ್ ತಂತಿ ಅಂದ್ರೆ ಆ ಡಬ್ಬಿಯೊಳಗಿನ ಸ್ವಿಚ್‌ಗೂ ಕರೆಂಟ್ ಬೇಕು. ಅಲ್ಲಿ ಬ್ಯಾಟರಿ ಇಲ್ಲದಿದ್ರೆ ನಿಮ್ಮ ಯುಪಿಎಸ್ ದಂಡ. ಫೈಬರಿನ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಕೊಳ್ಳೋ ಮೊದಲು ಆಪರೇಟರನ್ನ ಇದೊಂದು ಕೇಳಿ.

ಮನೆಯಿಂದ ಕೆಲಸ ಮಾಡೋರು ಬೇರೆ ಕಂಪನಿಯ ಸಿಮ್ ಒಂದನ್ನ ರೀಚಾರ್ಜ್ ಮಾಡಿ ಇಟ್ಟಿರಲೇಬೇಕು. ಹಾಟ್‌ಸ್ಪಾಟ್ ಹಾಕಿದ ಕೂಡಲೇ ವಿಂಡೋಸ್‌ನಲ್ಲಿ ಆ ವೈಫೈಯನ್ನ ಮೀಟರ್ಡ್ (ಡೇಟಾಗೆ ಮಿತಿ ಇದೆ) ಅಂತ ಗುರುತು ಮಾಡಿ, ಇಲ್ಲದಿದ್ರೆ ಅಪ್‌ಡೇಟೇ ದಿನದ ಡೇಟಾ ನುಂಗುತ್ತೆ. ಮೀಟಿಂಗಲ್ಲಿ ವಿಡಿಯೋ ಆಫ್ ಮಾಡಿ. ಗೂಗಲ್ ಡಾಕ್ಸ್‌ನ ಆಫ್‌ಲೈನ್ ಆಯ್ಕೆ ನೆಟ್ ಇರುವಾಗಲೇ ಆನ್ ಮಾಡಿಡಬೇಕು, ಹೋದ ಮೇಲೆ ಆಗಲ್ಲ. "ನೆಟ್ ಹೋದ್ರೆ ಒಳ್ಳೇದೇ, ಮನೆಯವರ ಜೊತೆ ಕೂತು ಮಾತಾಡಿ" ಅನ್ನೋ ಪೋಸ್ಟ್‌ಗಳನ್ನ ನೋಡಿದಾಗೆಲ್ಲ ನೋವಾಗುತ್ತೆ. ತೀರ್ಥಹಳ್ಳಿ, ಶಿರಸಿ ಕಡೆಯ ಹಳ್ಳಿಯಲ್ಲಿ ಕೂತು ಕೆಲಸ ಮಾಡೋ ಹುಡುಗಿಗೆ ಅದು ಅನ್ನದ ಪ್ರಶ್ನೆ.

ಆ ಕಡೆ ಇನ್ನೊಂದು ತೊಂದರೆ ಇದೆ. ಎಷ್ಟೋ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಇರಲ್ಲ, ಫೋನ್ ಬರೋದೇ ವೈಫೈ ಕಾಲಿಂಗ್ ಮೇಲೆ. ಫೈಬರ್ ಹೋಯ್ತೋ, ಫೋನೂ ಹೋಯ್ತು, ಓಟಿಪಿಯೂ ಹೋಯ್ತು. ಅಂಥ ಮನೆಯಲ್ಲಿ ವಯಸ್ಸಾದವರು ಇಬ್ಬರೇ ಇದ್ರೆ ದೂರ ಇರೋ ಮಕ್ಕಳು ದಯವಿಟ್ಟು ಇದನ್ನ ತಿಳಿದುಕೊಳ್ಳಿ. ಮನೆ ಅಂಗಳದಲ್ಲೋ, ತೋಟದ ತಲೆಯಲ್ಲೋ ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತೆ ಅಂತ ಊರಿಗೆ ಹೋದಾಗ ನೋಡಿ, ಆ ಸಿಮ್ ಅವರ ಫೋನಲ್ಲಿ ಎರಡನೇದಾಗಿ ಹಾಕಿಡಿ. ಅಷ್ಟು ಸಿಗ್ನಲ್ ಇದ್ರೆ ಡೇಟಾ ಇಲ್ಲದೆಯೂ ದುಡ್ಡು ಕಳಿಸಬಹುದು. *99# ಒತ್ತಿದ್ರೆ 5000 ರೂಪಾಯಿವರೆಗೆ ಹೋಗುತ್ತೆ. 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇನಲ್ಲಿ ಫೋನ್ ಮಾಡಿ ಕಳಿಸಬಹುದು. ಎರಡಕ್ಕೂ ಬ್ಯಾಂಕಲ್ಲಿ ನೋಂದಾಯಿಸಿದ ನಂಬರೇ ಆಗಬೇಕು, ಯುಪಿಐ ಪಿನ್ ಮೊದಲೇ ಮಾಡಿರಬೇಕು. ಆ ಎರಡನೇ ಸಿಮ್ ಬ್ಯಾಂಕಿನ ನಂಬರ್ ಅಲ್ಲದಿದ್ರೆ ಇದಕ್ಕೆ ಉಪಯೋಗ ಇಲ್ಲ. ಹಾಗಾಗಿ ಬ್ಯಾಂಕಿನ ನಂಬರನ್ನೇ ಸಿಗ್ನಲ್ ಸಿಗೋ ಕಂಪನಿಗೆ ಪೋರ್ಟ್ ಮಾಡಿಸೋದು ಇನ್ನೂ ಒಳ್ಳೇದು.

ಸಿಡಿಲಿದ್ದಾಗ ಮಾತ್ರ ಪೆಟ್ಟಿಗೆಯ ಅಡಾಪ್ಟರ್ ಕಿತ್ತಿಡಿ, ಲ್ಯಾನ್ ತಂತಿಯನ್ನೂ ಕಿತ್ತಿಡಿ. ಗಾಜಿನ ಎಳೆಯಲ್ಲಿ ಸಿಡಿಲು ಬರಲ್ಲ, ಕರೆಂಟ್ ಲೈನಲ್ಲಿ ಬರುತ್ತೆ. ಡ್ರಾಪ್ ಕೇಬಲಿನ ಜೊತೆ ಎಳೆದ ಉಕ್ಕಿನ ತಂತಿಯನ್ನ ಗೋಡೆಯ ಹೊರಗೇ ಕಟ್ಟಿ ನಿಲ್ಲಿಸಿದ್ದಾರಾ, ಪೆಟ್ಟಿಗೆವರೆಗೂ ತಂದಿದ್ದಾರಾ ಅಂತ ಒಮ್ಮೆ ನೋಡಿ. ಒಳಗೆ ತಂದಿದ್ರೆ ನಾಳೆಯೇ ಆಪರೇಟರ್‌ಗೆ ಹೇಳಿ ಹೊರಗೆ ಕತ್ತರಿಸಿ ಕಟ್ಟಿಸಿ.