ಆ ಮಾರ್ಕರ್ ಪೆನ್ನು ಹೊರಗಿನವರ ಕೈಗೆ ಕೊಡಿ

ಬೇಸಿಗೆ ರಜೆಯಲ್ಲಿ ರೆಸಾರ್ಟ್‌ಗೆ ಹೋಗಿ ಎರಡು ದಿನ ‘ಪ್ಲಾನಿಂಗ್ ರಿಟ್ರೀಟ್’ ಮಾಡಲಿರುವ ಬೆಂಗಳೂರಿನ ಲಾ ಫರ್ಮ್ ಒಂದರ ಅಜೆಂಡಾ ಇವತ್ತು ಕಣ್ಣಿಗೆ ಬಿತ್ತು. 9.30ಕ್ಕೆ ಮ್ಯಾನೇಜಿಂಗ್ ಪಾರ್ಟ್‌ನರ್ ಸ್ವಾಗತ. 10ಕ್ಕೆ ಅವರದೇ ಭಾಷಣ. 11.30ಕ್ಕೆ ಮುಕ್ತ ಚರ್ಚೆ, ನಡೆಸಿಕೊಡುವವರು ಮತ್ತೆ ಅವರೇ. ವಿಷಯ: ಲಾಭದ ಪಾಲು ಹಂಚುವ ರೀತಿ. ಓದಿ ಮೈ ಉರಿಯಿತು. ಪಾಲು ಎಷ್ಟೆಂದು ಬರೆಯುವ ಕೈಯೇ ಮಾರ್ಕರ್ ಹಿಡಿದು ನಿಂತರೆ, ಹೋದ ವರ್ಷ ಪಾರ್ಟ್‌ನರ್ ಆದ ಹುಡುಗಿ ಬಾಯಿ ಬಿಡುತ್ತಾಳಾ? ಈ ಚರ್ಚೆಗೆ ಹೊರಗಿನ ಫೆಸಿಲಿಟೇಟರ್ ಬೇಕು, ಅಂದರೆ ಫರ್ಮ್‌ನಲ್ಲಿ ಪಾಲಿಲ್ಲದೆ ಸಭೆ ನಡೆಸಿಕೊಡುವವರು.

ಅಣ್ಣತಮ್ಮಂದಿರ ಪಾಲಿನ ದಾವೆ ಬಂದರೆ ನಾವು ವಕೀಲರೇ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಸೆಕ್ಷನ್ 89 ತೋರಿಸಿ, ಕೋರ್ಟಿನ ಹೊರಗೆ ರಾಜಿ ಮಾಡಿಕೊಳ್ಳಿ ಅಂತ ಮೀಡಿಯೇಷನ್‌ಗೆ (ಮಧ್ಯಸ್ಥಿಕೆಗೆ) ಕಳಿಸುತ್ತೇವೆ. ಬೆಂಗಳೂರಿನ ಮೀಡಿಯೇಷನ್ ಸೆಂಟರ್ 2007ರಿಂದ ಈ ಕೆಲಸ ಮಾಡುತ್ತಿದೆ. ಆಸ್ತಿಯಲ್ಲಿ ಪಾಲಿಲ್ಲದವರು ಮಧ್ಯೆ ಕೂತರೆ ಮಾತು ಹೊರಬರುತ್ತೆ ಅಂತ ಕಕ್ಷಿದಾರರಿಗೆ ಬುದ್ಧಿ ಹೇಳುವ ನಾವು, ನಮ್ಮ ಪಾಲಿನ ಮಾತು ಬಂದಾಗ ಅದನ್ನೇ ಮರೆಯುತ್ತೇವಲ್ಲ!

‘ಹೊರಗಿನವರಿಗೆ ವಕೀಲಿಕೆ ಏನು ಗೊತ್ತು?’ ಅನ್ನುತ್ತಾರೆ. ಗೊತ್ತಿರಬೇಕಿಲ್ಲ. ಅವರ ಕೆಲಸವೇ ಬೇರೆ. ಮೂರು ವಾರ ಮೊದಲೇ ಪ್ರತಿ ಪಾರ್ಟ್‌ನರ್ ಜೊತೆ ಒಬ್ಬೊಬ್ಬರಾಗಿ 40 ನಿಮಿಷ ಮಾತಾಡಬೇಕು. ಬಂದದ್ದನ್ನು ಹೆಸರಿಲ್ಲದೆ ಎರಡು ಪುಟಕ್ಕೆ ಇಳಿಸಬೇಕು, ಅದರಿಂದ ಮೂರೇ ಪ್ರಶ್ನೆ ತೆಗೆಯಬೇಕು. ಏಳೆಂಟು ಪ್ರಶ್ನೆ ಹೊತ್ತು ಹೋದರೆ ಎರಡನೇ ದಿನ ಮಧ್ಯಾಹ್ನ ಎಲ್ಲರೂ ವಾಚು ನೋಡುತ್ತಾರೆ, ಒಂದೂ ತೀರ್ಮಾನ ಆಗಲ್ಲ. ಸಭೆಯಲ್ಲಿ ಮೊದಲ ಹತ್ತು ನಿಮಿಷ ಮಾತೇ ಇಲ್ಲ: ಕಾರ್ಡಿಗೊಂದು ವಿಚಾರ ಬರೆಯಿರಿ, ಕಲೆಸಿ ಗೋಡೆಗೆ ಅಂಟಿಸಲಿ. ಆಮೇಲೆ ಹೊಸಬರಿಂದ ಮಾತು ಶುರು, ಸೀನಿಯರ್ ಸರದಿ ಕೊನೆಗೆ. ಅವರು ಮೊದಲು ಮಾತಾಡಿದರೆ ಉಳಿದವರು ತಮ್ಮ ಅಭಿಪ್ರಾಯವನ್ನು ಅಲ್ಲೇ ತಿದ್ದಿಕೊಳ್ಳುತ್ತಾರೆ. ಇನ್ನು ನಮ್ಮ ದೊಡ್ಡ ರೋಗ, ಯಾರು ಏನೇ ಹೇಳಲಿ ಪಾಟೀಸವಾಲಿಗೆ ಇಳಿಯುವುದು. ಅದಕ್ಕೇ ಮೊದಲ ಅರ್ಧ ಗಂಟೆ ಅರ್ಥವಾಗದ್ದನ್ನು ಮಾತ್ರ ಕೇಳಬೇಕು, ಆಕ್ಷೇಪಣೆ ಏನಿದ್ದರೂ ಆಮೇಲೆ. ಪಾಲು ಕೊಡುವ ಸೀನಿಯರ್ ಬಾಯಿಗೆ ಈ ಬೀಗ ಹಾಕಲು ಒಳಗಿನವರಿಂದ ಆಗುತ್ತಾ?

ಭಯ ಪಡಬೇಕಾದ ವಿಷಯ ಬೇರೆ ಇದೆ, ಗುಟ್ಟು. ಕಕ್ಷಿದಾರರು ಹೇಳಿದ್ದನ್ನು ಹೊರಗೆ ಬಿಡಬಾರದು ಅನ್ನುವ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 132 ವಕೀಲರ ಜೊತೆಗೆ ಅವರ ಗುಮಾಸ್ತರು, ನೌಕರರು, ದುಭಾಷಿಗಳಿಗೂ ಅನ್ವಯಿಸುತ್ತೆ. ಎರಡು ದಿನಕ್ಕೆ ಬಂದ ಫೆಸಿಲಿಟೇಟರ್ ಅಂತ ಅದರಲ್ಲಿ ಎಲ್ಲೂ ಇಲ್ಲ. ಗೋಪ್ಯತೆಯ ಕರಾರಿಗೆ ಸಹಿ ಹಾಕಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಕಕ್ಷಿದಾರರ ಹೆಸರು, ಕೇಸ್ ನಂಬರ್ ಸ್ಲೈಡಿಗೆ ಬರಲೇಬಾರದು. ಬಿಲ್ಲಿಂಗ್ ಲೆಕ್ಕವನ್ನು ‘ತೆರಿಗೆ’, ‘ಸಿವಿಲ್’, ‘ಕಾರ್ಮಿಕ’ ಅಂತ ವಿಭಾಗವಾರು ಒಟ್ಟುಗೂಡಿಸಿ ಕೊಡಿ. ಫೆಸಿಲಿಟೇಟರ್ ಫೀಸೂ ಇಂತಿಷ್ಟು ಅಂತ ಮೊದಲೇ ನಿಗದಿ ಆಗಲಿ. ಹೆಚ್ಚಿದ ಆದಾಯದಲ್ಲಿ ಶೇಕಡಾ ಇಷ್ಟು ಅಂದಿರೋ, ವಕೀಲರಲ್ಲದವರ ಜೊತೆ ಸಂಭಾವನೆ ಹಂಚಿಕೊಳ್ಳಬಾರದು ಅನ್ನುವ ಬಾರ್ ಕೌನ್ಸಿಲ್ ನಿಯಮ ಮುರಿದ ಹಾಗೆ.

ಕಡೆಯ ಎರಡು ಗಂಟೆಗೆ ಹೊಸ ವಿಷಯ ಬೇಡವೇ ಬೇಡ. ಪ್ರತಿ ತೀರ್ಮಾನದ ಎದುರು ಒಬ್ಬರ ಹೆಸರು, ಒಂದು ತಾರೀಕು. ‘ಎಲ್ಲರೂ ಸೇರಿ’ ಅಂತ ಬರೆದ ಕೆಲಸ ಕೋರ್ಟು ತೆರೆದ ದಿನವೇ ಸತ್ತುಹೋಗುತ್ತೆ. 30ನೇ ದಿನ ಫೋನ್ ಮಾಡಿ ‘ಏನಾಯಿತು?’ ಅಂತ ಕೇಳುವುದೂ ಫೆಸಿಲಿಟೇಟರ್ ಕೆಲಸವೇ ಅಂತ ಒಪ್ಪಂದದಲ್ಲೇ ಬರೆಸಿ.

ಆ ಫರ್ಮ್‌ನವರು ಇದನ್ನು ಓದುತ್ತಿದ್ದರೆ ಕೈ ಮುಗಿದು ಕೇಳುತ್ತೇನೆ, 11.30ರ ಸಾಲಿನಲ್ಲಿರುವ ಆ ಹೆಸರನ್ನು ಈಗಲೇ ಹೊಡೆದುಹಾಕಿ. ರಜೆ ಶುರುವಾಗಲು ಇನ್ನೂ ನಾಲ್ಕು ವಾರ ಇದೆ.