ಸಮಪಾಲು ಅನ್ನೋದು ಸ್ವಲ್ಪ ಜಾಸ್ತಿಯಾಯಿತು

ಇರಾಕ್ ಯುದ್ಧದ ಹೊಣೆಯಲ್ಲಿ ಅಮೆರಿಕದ ಎರಡೂ ಪಕ್ಷಗಳಿಗೆ, ಅಂದರೆ ಬುಷ್ ಅವರ ರಿಪಬ್ಲಿಕನ್ ಪಕ್ಷಕ್ಕೂ ಎದುರಾಳಿ ಡೆಮಾಕ್ರಟರಿಗೂ, ಸಮಪಾಲು ಇದೆ ಅಂತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ಇರಾಕ್ ಮೇಲೆ ಬಲಪ್ರಯೋಗಕ್ಕೆ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್‌ಗೆ ಅಧಿಕಾರ ಕೊಡುವ ನಿರ್ಣಯ 2002ರ ಅಕ್ಟೋಬರ್‌ನಲ್ಲಿ ಮೇಲ್ಮನೆ ಸೆನೆಟ್‌ನಲ್ಲಿ 77-23ರಲ್ಲಿ ಪಾಸಾಯಿತು. ಪರವಾಗಿ ಮತ ಹಾಕಿದವರಲ್ಲಿ 29 ಮಂದಿ ಡೆಮಾಕ್ರಟರು. ಹಿಲರಿ ಕ್ಲಿಂಟನ್, ಜಾನ್ ಕೆರಿ, ಜೋ ಬೈಡನ್ ಮೂವರೂ ಇದ್ದರು. ಆಮೇಲೆ ಯುದ್ಧ ಹಳ್ಳ ಹಿಡಿದಾಗ 'ನಮ್ಮನ್ನು ನಂಬಿಸಿ ಮೋಸ ಮಾಡಿದರು' ಅಂದರೆ ಹೇಗೆ? ಅವರದೇ ಪಕ್ಷದ ಸೆನೆಟರ್ ಬಾಬ್ ಗ್ರಹಾಂ ಇರಾಕ್‌ನ ಅಸ್ತ್ರಗಳ ಬಗೆಗಿನ ಗುಪ್ತಚರ ವರದಿ ಓದಿ ವಿರುದ್ಧ ಮತ ಹಾಕಿದರಲ್ಲ! ಆ ವರದಿ ಉಳಿದ ಸೆನೆಟರ್‌ಗಳಿಗೂ ಸಿಗುತ್ತಿತ್ತು.

ಆದರೆ ಕೆಳಮನೆಯ ಲೆಕ್ಕವನ್ನು ಲೇಖನ ಸುಮ್ನೆ ಬಿಟ್ಟುಬಿಟ್ಟಿದೆ. ಅಲ್ಲಿ 126 ಡೆಮಾಕ್ರಟರು ವಿರೋಧಿಸಿದರು, ಪರ ಇದ್ದವರು 81. ವಿರೋಧಿಸಿದ ರಿಪಬ್ಲಿಕನ್ನರು ಬರೀ ಆರು ಜನ. ಇದು ಸಮಪಾಲಾ?

1998ರಲ್ಲಿ ಆಗಿನ ಡೆಮಾಕ್ರಟ್ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಇರಾಕ್ ವಿಮೋಚನಾ ಕಾಯ್ದೆಯನ್ನೂ ಎಳೆದು ತಂದಿದ್ದಾರೆ. ಸದ್ದಾಂನನ್ನು ಇಳಿಸುವ ಮಾತು ಅದರಲ್ಲಿತ್ತು, ನಿಜ. ಅಮೆರಿಕದ ಸೈನ್ಯ ನುಗ್ಗಲಿ ಅಂತ ಇರಲಿಲ್ಲ.

ಅಮೆರಿಕದ ಸಂಸತ್ತು (ಕಾಂಗ್ರೆಸ್) ಬುಷ್ ಕೈಗೆ ಬೀಗದ ಕೈ ಕೊಟ್ಟಿತು. ಬಾಗಿಲು ತೆಗೆದವರು ಬುಷ್. 2003ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ತಪಾಸಕರು ಇರಾಕ್‌ನಲ್ಲಿ ಸಾಮೂಹಿಕ ನಾಶದ ಅಸ್ತ್ರಗಳಿಗಾಗಿ ಇನ್ನೂ ಹುಡುಕುತ್ತಲೇ ಇದ್ದರು. ಬುಷ್ ಕಾಯಲಿಲ್ಲ. ಅವರ ವಿದೇಶಾಂಗ ಸಚಿವ ಪೊವೆಲ್ ಆ ಫೆಬ್ರವರಿಯಲ್ಲಿ ಭದ್ರತಾ ಮಂಡಳಿಯಲ್ಲಿ, ಆಂಥ್ರಾಕ್ಸ್ ರೋಗಾಣು ಇಷ್ಟಿದ್ದರೂ ಅಪಾಯ ಅಂತ ಪುಟ್ಟ ಸೀಸೆ ಎತ್ತಿ ತೋರಿಸಿದ್ದು ನೆನಪಿದೆ ಅಲ್ವಾ? ಅವರು ಹೇಳಿದ ಅಸ್ತ್ರಗಳ ದಾಸ್ತಾನು ಕೊನೆಗೂ ಸಿಗಲಿಲ್ಲ.

ಅಂದಹಾಗೆ, 2016ರ ಫೆಬ್ರವರಿಯಲ್ಲಿ ರಿಪಬ್ಲಿಕನ್ ಚರ್ಚಾ ವೇದಿಕೆಯಲ್ಲೇ ಬುಷ್ ಸರ್ಕಾರದ ಬಗ್ಗೆ 'ಅವರು ಸುಳ್ಳು ಹೇಳಿದರು' ಅಂದದ್ದು ಟ್ರಂಪ್. ಅದೇ ವೇದಿಕೆಯಲ್ಲಿ ಬುಷ್ ಅವರ ತಮ್ಮ ಜೆಬ್ ನಿಂತಿದ್ದರು!